ನಗೆಮಲ್ಲ ಕಂಡ ಜಾಗ

ಹಲ್ಲಿನ ಡಾಕ್ಟರು ನಾಲ್ಕು ಗಂಟೆಗೆ ಬರುತ್ತಾರೆ ಎಂದು ಮಾವ ಬೆಳಿಗ್ಗೆಯಿಂದ ಮೂರನೆಯ ಸಲ ಹೇಳಿದಾಗ ಅವಳ ಸೋಪುಗೈಯಿಂದ ಗಾಜಿನ ಲೋಟ ಜಾರಿ, ಪಾತ್ರೆಗಳ ನಡುವೆ ಬಿದ್ದು, ಒಡೆಯದೆ ಸುಮ್ಮನೆ ಒಂದು ಸುತ್ತು ಉರುಳಿತು. ಒಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೈ ಕೊಯ್ದುಕೊಂಡಿದ್ದರೆ ಇನ್ನೂ ಚೆನ್ನಾಗಿತ್ತು. ಬ್ಯಾಂಡೇಜು ಸುತ್ತಿಕೊಂಡು ಮಲಗಿದವಳನ್ನು ಯಾರೂ ಎಬ್ಬಿಸಿ ಪ್ರಶ್ನೆ ಕೇಳುವುದಿಲ್ಲ. ಮನೆಯಲ್ಲಿ ಯಾರ ಹಲ್ಲಿಗೂ ಏನೂ ಆಗಿರಲಿಲ್ಲ. ಡಾಕ್ಟರು ಬರುತ್ತಿದ್ದದ್ದು ಒಂದು ಹಕ್ಕಿಯ ವಿಚಾರಣೆಗೆ. ಊರಿನ ಪಕ್ಷಿವೀಕ್ಷಕರ ಸಂಘಕ್ಕೆ ಅವರೇ ಕಾರ್ಯದರ್ಶಿ. ಇರಬಾರದ ಜಾಗದಲ್ಲಿ ಇರಬಾರದ ಹಕ್ಕಿಯನ್ನು ಕಂಡೆ ಎಂದು ಯಾರಾದರೂ ಹೇಳಿದರೆ, ಹೇಳಿದವರನ್ನು ಎದುರು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿ, ಮನಸ್ಸಿಗೆ ಒಪ್ಪಿದರೆ ಮಾತ್ರ ಸಂಘದ ಪಟ್ಟಿಗೆ ಸೇರಿಸುವುದು ಅವರ ಕೆಲಸ. ಈ ಸಲ ಕಂಡವಳು ಅವಳು. ಹಾಗೆ ಕಂಡದ್ದನ್ನು ಊರಿಗೆಲ್ಲ ಸಾರಿದವರು ಮಾವ. ಮೂವತ್ತನಾಲ್ಕು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾಗಿದ್ದ ಅವರು ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಕ್ಕಿಗಳ ಉದ್ದನೆಯ ನೋಟುಪುಸ್ತಕವನ್ನು ನಡುಮನೆಯ ಮೇಜಿನ ಮೇಲೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಸುತ್ತ, ಮದುಮಗನ ಹಾಗೆ ಓಡಾಡುತ್ತಿದ್ದರು.

"ಏನಮ್ಮಾ, ಹೆದರಿಕೆನಾ?" ಅಂದರು, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಇಲ್ಲ ಮಾವ."

"ಹೆದರಬೇಡ. ನೋಡಿದ್ದನ್ನ ನೋಡಿದ ಹಾಗೆ ಹೇಳಿದರಾಯ್ತು. ನಿಜಕ್ಕೇನು ಬಾಯಿಪಾಠ ಮಾಡಬೇಕಾ?"

ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಉತ್ತರ ಕೊಡುವ ಅಗತ್ಯ ಇರಲಿಲ್ಲ.

ಹನ್ನೆರಡು ದಿನಗಳ ಹಿಂದೆ ಇದೇ ಅಡುಗೆಮನೆಯಲ್ಲಿ, ಇನ್ನೂ ಪ್ರಯಾಣದ ಚೀಲ ಬಿಚ್ಚುವ ಮೊದಲೇ, ತಾನೇ ಬಾಯಿ ಬಿಟ್ಟಿದ್ದಳು. ಅವಳಿಗೆ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ವರ್ಷಕ್ಕೆ ಎರಡು ಸಲ ಸಮುದ್ರದ ಬದಿಯ ಊರುಗಳಿಗೆ ಹೋಗಿ, ಬಾವಿಗಳಿಗೆ ಉಪ್ಪು ಎಷ್ಟು ನುಗ್ಗಿದೆ ಎಂದು ನೋಡಲು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬರಬೇಕು. ಬಾಟಲಿಯ ಮೇಲೆ ಜಾಗ, ತಾರೀಕು, ಗಂಟೆ ಬರೆದ ಚೀಟಿ ಅಂಟಿಸದಿದ್ದರೆ ಲ್ಯಾಬಿನ ಮೇಲಧಿಕಾರಿ ಅದನ್ನು ಹಾಗೇ ಮೋರಿಗೆ ಸುರಿಯುತ್ತಿದ್ದರು. ಆ ಕೆಲಸಕ್ಕೆ ಮೂರು ದಿನ ಸಾಕು. ಮನೆಯಲ್ಲಿ ಐದು ದಿನ ಅನ್ನುತ್ತಿದ್ದಳು. ಉಳಿದ ಎರಡು ದಿನ ಎಲ್ಲಿಗೆ ಹೋಗುತ್ತಾಳೆಂದು ಲ್ಯಾಬಿಗೂ ಗೊತ್ತಿರಲಿಲ್ಲ, ಮನೆಗೂ ಗೊತ್ತಿರಲಿಲ್ಲ. ಬಂದ ಕೂಡಲೇ ಮಾವ ಪ್ರತಿ ಸಲದಂತೆ ಪೆನ್ನು ಹಿಡಿದು ಕೂತು, "ಏನೇನು ನೋಡಿದೆ, ಹೇಳು" ಅಂದರು. ಅವಳು ಬೆಳ್ಳಕ್ಕಿ ಅಂದಳು, ನೀರುಕಾಗೆ ಅಂದಳು, ಮಿಂಚುಳ್ಳಿ ಎರಡು ಬಗೆ ಅಂದಳು. ಆಮೇಲೆ, ಉಪ್ಪಿನ ಡಬ್ಬಿ ಹುಡುಕುವವಳ ಹಾಗೆ ಬೆನ್ನು ತಿರುಗಿಸಿಕೊಂಡು, "ಇನ್ನೊಂದು ನೋಡಿದೆ ಮಾವ, ಹೆಸರು ಗೊತ್ತಾಗಲಿಲ್ಲ. ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು. ಹೊಟ್ಟೆ ತುಕ್ಕಿನ ಬಣ್ಣ. ಕಣ್ಣಿನ ಮೇಲೆ ಬಿಳಿ ಹುಬ್ಬು, ಸುಣ್ಣದಲ್ಲಿ ಬರೆದ ಹಾಗೆ. ಕೂಗು ಮಾತ್ರ..." ಎಂದು ನಿಲ್ಲಿಸಿದ್ದಳು.

"ಕೂಗು?"

"ನಗು ಇದ್ದ ಹಾಗೆ. ಮನುಷ್ಯರು ನಗೋ ಹಾಗೇ."

ಮಾವನ ಮುಖ ಅರಳಿದ ರೀತಿ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದೆ. "ನಗೆಮಲ್ಲ!" ಎಂದು ಮೇಜು ತಟ್ಟಿದ್ದರು. "ಅಲ್ಲಮ್ಮಾ, ಸಂಶಯವೇ ಇಲ್ಲ, ಬಿಳಿ ಹುಬ್ಬು, ಕೆಂಪು ಹೊಟ್ಟೆ, ನಗು, ಇನ್ನೇನು ಬೇಕು? ನಗೆಮಲ್ಲ!" ಆ ಹೆಸರು ಕಿವಿಗೆ ಬಿದ್ದಾಗ ಅವಳು ಕಟ್ಟೆ ಹಿಡಿದುಕೊಂಡಿದ್ದಳು. ಹಾಗಾದರೆ ಅದು ಇದೆ. ಅದಕ್ಕೊಂದು ಹೆಸರಿದೆ. ಪುಸ್ತಕದಲ್ಲಿದೆ. ಆದರೆ ಮಾವನ ಪೆನ್ನು ಪುಟದ ಮೇಲೆ ಅರ್ಧಕ್ಕೆ ನಿಂತಿತ್ತು. ನಕ್ಷೆ ಬರೆದ ಬೆರಳು ಗಾಳಿಯಲ್ಲಿ ಎತ್ತರದ ಗೆರೆಗಳನ್ನು ತಡವುತ್ತಿತ್ತು. "ಆದರೆ ಇದು ನಾಲ್ಕು ಸಾವಿರ ಅಡಿಯಿಂದ ಕೆಳಕ್ಕೆ ಇಳಿಯೋದೇ ಇಲ್ಲವಲ್ಲ ಮಗಳೇ. ಗಿಡ್ಡ ರೆಕ್ಕೆ, ಒಂದು ಕಣಿವೆ ದಾಟೋ ತ್ರಾಣ ಇಲ್ಲ ಅದಕ್ಕೆ. ನೀನು ಸಮುದ್ರದ ಹತ್ತಿರ ನೋಡಿದೆಯಾ?" ಆಗ, ಆ ಒಂದು ಉಸಿರಿನಲ್ಲಿ, ಇಲ್ಲ ಅನ್ನಬಹುದಿತ್ತು. "ಹೌದು ಮಾವ" ಅಂದಳು. ಅಷ್ಟು ಸಾಕಾಯಿತು. ಅವರು ಸಂಘಕ್ಕೆ ಕಾಗದ ಬರೆದರು, ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿದರು, ಎದುರುಮನೆಯವರನ್ನು ಗೇಟಿನಲ್ಲಿ ನಿಲ್ಲಿಸಿ ಹೇಳಿದರು. ನಮ್ಮ ಸೊಸೆ ಕಂಡಿದ್ದು. ಯಾರೂ ಈವರೆಗೆ ಕಾಣದ ಕಡೆ.

ಗಂಡ ಹಜಾರದಲ್ಲಿ ಸ್ಟೂಲಿನ ಮೇಲೆ ನಿಂತು ಕರೆಗಂಟೆ ಬಿಚ್ಚುತ್ತಿದ್ದ. ಲಿಫ್ಟುಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಭಾನುವಾರ ಕೈಗೆ ಕೆಲಸವಿಲ್ಲದಿದ್ದರೆ ಮನೆಯಲ್ಲಿ ಸರಿಯಾಗಿರುವುದನ್ನೂ ಬಿಚ್ಚುವ ಸ್ವಭಾವ. "ನಿನ್ನ ಹಕ್ಕಿ ಬಂದಮೇಲೆ ಅಪ್ಪನಿಗೆ ಹತ್ತು ವರ್ಷ ಆಯಸ್ಸು ಹೆಚ್ಚಾಯ್ತು ನೋಡು" ಅಂದ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. "ಡಾಕ್ಟರ ಮುಂದೆ ಬಾಯಿ ಜಾಸ್ತಿ ತೆಗೀಬೇಡ. ಅಭ್ಯಾಸಬಲದಲ್ಲಿ ಹಲ್ಲು ಕಿತ್ತುಬಿಟ್ಟಾರು." ಅವಳು ನಕ್ಕಳು. ನಕ್ಕದ್ದು ತನಗೇ ಬೇರೆ ಯಾರದೋ ಸದ್ದಿನ ಹಾಗೆ ಕೇಳಿಸಿ, ತಟ್ಟನೆ ಬಾಯಿ ಮುಚ್ಚಿಕೊಂಡು, ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದಳು.

ಆ ಎರಡು ದಿನಕ್ಕೆ ಹೋಗಿದ್ದ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಆ ನಗು ಮೊದಲು ಕೇಳಿಸಿದ್ದೂ ಹೀಗೆಯೇ. ಉದ್ದನೆಯ ಓಣಿ, ಫಿನಾಯಿಲಿನ ವಾಸನೆ, ಕಿಟಕಿಗಳಿಗೆ ಹಸಿರು ಬಣ್ಣದ ಸರಳು. ಸಂದರ್ಶಕರ ಕೋಣೆಯಲ್ಲಿ ಅಣ್ಣ ಬರುವುದನ್ನು ಕಾಯುತ್ತ ಕೂತಿದ್ದಾಗ ಹೊರಗೆ ಯಾರೋ ನಕ್ಕರು. ಒಬ್ಬರು ಶುರು ಮಾಡಿದರು, ಇನ್ನೊಬ್ಬರು ಸೇರಿಕೊಂಡರು, ಆಮೇಲೆ ನಾಲ್ಕೈದು ಮಂದಿ ಒಟ್ಟಿಗೆ, ಯಾರನ್ನೋ ನಡುವೆ ನಿಲ್ಲಿಸಿಕೊಂಡು ಹೀಯಾಳಿಸುವ ಹಾಗೆ. ಅವಳು ಸೀರೆಯ ಸೆರಗು ಸರಿಮಾಡಿಕೊಂಡಳು, ತನ್ನನ್ನೇ ನೋಡಿ ನಗುತ್ತಿದ್ದಾರೆಂದು. ಸುತ್ತ ನೋಡಿದರೆ ಕೋಣೆಯಲ್ಲಿದ್ದ ಯಾರೂ ತಲೆ ಎತ್ತಿರಲಿಲ್ಲ. ತನಗೊಬ್ಬಳಿಗೇ ಕೇಳಿಸಿತೇ? ಆ ಊರಿಗೆ ಹೊಸದಾಗಿ ಬಂದಿದ್ದ ಎಳೆಯ ಡಾಕ್ಟರು ಆಗಷ್ಟೇ ಹೇಳಿದ್ದರು: "ಯಾರೋ ಹೊರಗೆ ನಗ್ತಾರೆ, ಬೆಳಗಾದರೆ ನಗ್ತಾರೆ ಅಂತ ನಿಮ್ಮ ಅಣ್ಣ ಹೇಳೋಕೆ ಶುರು ಮಾಡಿದ್ದಾರೆ. ಮಾತ್ರೆ ಜಾಸ್ತಿ ಮಾಡಿದ್ದೀನಿ." ಅಣ್ಣ ಬಂದ. ನಾಲಿಗೆ ದಪ್ಪವಾಗಿತ್ತು, ಕೈ ನಡುಗುತ್ತಿತ್ತು. ಬಂದವನೇ ಅವಳ ಮಣಿಕಟ್ಟು ಹಿಡಿದು ಕಿಟಕಿಗೆ ಎಳೆದುಕೊಂಡು ಹೋಗಿ, "ನೋಡು, ಇವನೇ" ಅಂದ. ಬೇಲಿಯ ಪೊದೆಯ ಒಳಗಿಂದ ಬಿಳಿ ಹುಬ್ಬಿನ ಹಕ್ಕಿಯೊಂದು ಹೊರಗೆ ಜಿಗಿದು, ಅವರಿಬ್ಬರನ್ನೂ ಓರೆಗಣ್ಣಲ್ಲಿ ನೋಡಿ, ನಕ್ಕಿತು. "ಇದಕ್ಕೊಂದು ಹೆಸರಿತ್ತಲ್ಲ? ಮಾತ್ರೆ ಎಲ್ಲ ಹೆಸರನ್ನೂ ತೊಳೆದು ಹಾಕಿದೆ ಕಣೇ. ನೀನು ತಿಳಿಕೊಂಡು ಬಾ. ಹೆಸರು ಹೇಳಿದರೆ ಅವರು ನಂಬ್ತಾರೆ."

ಹೆಸರಿಲ್ಲದೆಯೇ ಅವಳು ಆ ಎಳೆಯ ಡಾಕ್ಟರ ಬಳಿ ಹೋಗಿದ್ದಳು. ಅದು ಹಕ್ಕಿ ಅಂದಳು. "ಯಾವ ಹಕ್ಕಿ?" ಅಂದರು. ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರು ಪೆನ್ನಿನ ತುದಿಯಿಂದ ಕಾಗದ ತಟ್ಟುತ್ತ, ತುಂಬ ಮೃದುವಾಗಿ, "ಹಕ್ಕಿ ನಗುತ್ತೆ ಅಂತ ನಿಮಗೂ ಅನ್ನಿಸುತ್ತಾ?" ಎಂದು ಕೇಳಿ, ಇನ್ನೂ ಮೃದುವಾಗಿ, "ನೀವು ರಾತ್ರಿ ನಿದ್ದೆ ಸರಿಯಾಗಿ ಮಾಡ್ತೀರಾ?" ಅಂದರು. ಕುರ್ಚಿಯಿಂದ ಎದ್ದು ಗೇಟು ದಾಟುವವರೆಗೂ ಅವಳು ಓಡಲಿಲ್ಲ. ಓಡಿದರೆ ಬರೆದುಕೊಂಡಾರು ಎಂಬ ಹೆದರಿಕೆಗೆ ಹೆಜ್ಜೆ ಎಣಿಸಿಕೊಂಡು ನಡೆದಳು.

ಒದ್ದೆ ಅಂಗಿಯೊಂದನ್ನು ಕೊಡವಿದಾಗ ತಾರಸಿಯ ನೀರಿನ ಟ್ಯಾಂಕಿನ ಮೇಲಿದ್ದ ಪಿಕಳಾರ ಹಾರಿಹೋಯಿತು. ಅವಳು ಟ್ಯಾಂಕಿನ ಕಡೆ ನೋಡುವುದಿಲ್ಲ. ತವರಿನ ತಾರಸಿಯ ಮೇಲೂ ಇಂಥದೇ ಸಿಮೆಂಟಿನ ಟ್ಯಾಂಕು ಇತ್ತು. ಅವಳಿಗೆ ಹತ್ತೊಂಬತ್ತು ವರ್ಷ. ಅಣ್ಣ ಎರಡು ದಿನದಿಂದ ಟ್ಯಾಂಕಿನ ಹಿಂದಿನ ಸಂದಿಯಲ್ಲಿ ಕೂತಿದ್ದ, ಯಾರು ಹತ್ತಿರ ಹೋದರೂ ಇಟ್ಟಿಗೆ ಎತ್ತುತ್ತಿದ್ದ. ಕೆಳಗೆ ಬೀದಿಯಲ್ಲಿ ಆಸ್ಪತ್ರೆಯ ಗಾಡಿ ಬಂದು ನಿಂತಿತ್ತು. ಅಮ್ಮ ಅವಳನ್ನು ಮೆಟ್ಟಿಲಿಗೆ ನೂಕಿ, "ನೀನು ಕರೆದರೆ ಬರ್ತಾನೆ. ಏನಾದರೂ ಹೇಳಿ ಕರಿ" ಅಂದಳು. ಏನು ಹೇಳಿದರೆ ಬರುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಡೆಯಲು ಬಂದಾಗಿನಿಂದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡಾಡಿಸಿ ಒಂದೊಂದೇ ಹಕ್ಕಿಯ ಹೆಸರು ಹೇಳಿಕೊಟ್ಟವನು ಅವನು. "ಅಣ್ಣಾ, ಹಿತ್ತಿಲಲ್ಲಿ ಒಂದು ಹಕ್ಕಿ ಬಂದಿದೆ, ನನಗೆ ಹೆಸರೇ ಗೊತ್ತಾಗ್ತಿಲ್ಲ, ಬಾ" ಎಂದು ಕರೆದಳು. ಅವನ ಕಣ್ಣು ಬೆಳಗಿತು. ಇಟ್ಟಿಗೆ ಕೆಳಗಿಟ್ಟ. "ಕೊಕ್ಕು ಹೇಗಿದೆ?" ಎಂದು ಕೇಳುತ್ತಲೇ ಮೆಟ್ಟಿಲಿಳಿದ. "ಬಾಲ ಅಲ್ಲಾಡಿಸುತ್ತಾ? ನೆಲದ ಮೇಲೆ ಓಡುತ್ತಾ, ಕುಪ್ಪಳಿಸುತ್ತಾ?" ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಯ ಮೆಟ್ಟಿಲಿನವರೆಗೆ, ಬಾಗಿಲ ಹಿಂದೆ ನಿಂತಿದ್ದ ಇಬ್ಬರು ಗಂಡಸರು ಅವನ ತೋಳು ಹಿಡಿಯುವವರೆಗೆ, ಇಲ್ಲದ ಹಕ್ಕಿಗೆ ಒಂದೊಂದಾಗಿ ಗರಿ ಅಂಟಿಸುತ್ತ ಹೋದಳು.

ಆಮೇಲೆ ಮೂರು ವರ್ಷಕ್ಕೆ ಈ ಮನೆಯವರು ಅವಳನ್ನು ನೋಡಲು ಬಂದರು. ಕಿಟಕಿಯ ಆಚೆ ತಂತಿಯ ಮೇಲೆ ಕೂತಿದ್ದ ಹಕ್ಕಿಯನ್ನು ತೋರಿಸಿ, ಮಾವ ಆಗಲಿದ್ದವರು ತಮಾಷೆಗೆಂಬಂತೆ "ಅದೇನು ಹೇಳಮ್ಮ?" ಎಂದು ಕೇಳಿದ್ದರು. "ಕಾಜಾಣ" ಅಂದಳು. "ಯಾರು ಹೇಳಿಕೊಟ್ಟರು?" "ಅಣ್ಣ." "ಎಲ್ಲಿದ್ದಾನೆ ಅಣ್ಣ?" ಪಕ್ಕದಲ್ಲಿ ಅಮ್ಮ ಉಸಿರು ಹಿಡಿದದ್ದು ಕೇಳಿಸಿತು. ಅಮ್ಮ ಹೇಳಲಿ ಎಂದು ಅವಳು ಕಾಯಬಹುದಿತ್ತು. ಕಾಯಲಿಲ್ಲ. "ತೀರಿಕೊಂಡ" ಅಂದಳು. ಎದುರಿಗಿದ್ದವರ ಮುಖ ಎಷ್ಟು ಸಂಕಟಪಟ್ಟಿತೆಂದರೆ, ಸತ್ತದ್ದು ನಿಜವೇ ಇರಬೇಕೆಂದು ಅವಳಿಗೇ ಒಂದು ಕ್ಷಣ ಅಳು ಬಂತು. ಅಮ್ಮ ಇರುವ ತನಕ ಅಮ್ಮ ಒಬ್ಬಳೇ ಗುಟ್ಟಾಗಿ ಬೆಟ್ಟಕ್ಕೆ ಹೋಗಿ ಬರುತ್ತಿದ್ದಳು. ಎರಡು ವರ್ಷದ ಹಿಂದೆ ಅಮ್ಮ ಹೋದಮೇಲೆ ಬೇರೆ ಯಾರೂ ಉಳಿಯಲಿಲ್ಲ.

ಸರಿಯಾಗಿ ನಾಲ್ಕಕ್ಕೆ, ಗಂಡ ಜೋಡಿಸಿದ ಕರೆಗಂಟೆ ಮೊದಲಿಗಿಂತ ಕರ್ಕಶವಾಗಿ ಕಿರುಚಿತು. ಹಲ್ಲಿನ ಡಾಕ್ಟರು ಸಣ್ಣಗೆ ನೇರವಾಗಿದ್ದ ಐವತ್ತರ ಮನುಷ್ಯ. ಉಗುರು ಒಪ್ಪವಾಗಿ ಕತ್ತರಿಸಿದ್ದರು. ಮಾತಾಡುವಾಗ ಎದುರಿನವರ ಕಣ್ಣನ್ನಲ್ಲ, ಬಾಯಿಯನ್ನು ನೋಡುತ್ತಿದ್ದರು. ಅವಳು ತುಟಿಗಳನ್ನು ಒಳಗೆ ಎಳೆದುಕೊಂಡಳು. ಮಾವ ನೋಟುಪುಸ್ತಕ ತೆರೆದು, ಆ ದಿನದ ಸಾಲಿನ ಮೇಲೆ ಬೆರಳಿಟ್ಟು, ಮಗ್ಗಿ ಒಪ್ಪಿಸಲು ಮಗುವನ್ನು ನಿಲ್ಲಿಸಿದ ತಂದೆಯ ಹಾಗೆ ಅವಳ ಕಡೆ ನೋಡಿದರು.

"ಎಷ್ಟು ಹೊತ್ತಿಗೆ ನೋಡಿದ್ದು?"

"ಬೆಳಿಗ್ಗೆ... ಏಳೂವರೆ."

"ಬಿಸಿಲು ಎದುರಿಗಿತ್ತಾ, ಬೆನ್ನಿಗಿತ್ತಾ?"

"ಬೆನ್ನಿಗೆ." ಅಲ್ಲಿ ಬಿಸಿಲೇ ಇರಲಿಲ್ಲ. ಮಂಜು ಸರಳುಗಳ ನಡುವೆ ಒಳಗೆ ಬರುತ್ತಿತ್ತು.

"ಯಾವ ಮರ?"

"ಗಾಳಿಮರ." ಸಮುದ್ರದ ಬದಿಯಲ್ಲಿ ಗಾಳಿಮರ ಬಿಟ್ಟು ಬೇರೇನು ಇದ್ದೀತು ಎಂದುಕೊಂಡು ಹೇಳಿದಳು. ಡಾಕ್ಟರ ಪೆನ್ನು ನಿಂತಿತು.

"ನಗೆಮಲ್ಲ ಪೊದೆ ಬಿಟ್ಟು ಮೇಲೆ ಬರೋದು ಕಡಿಮೆ. ಗಾಳಿಮರದಲ್ಲಿ ಏನು ಮಾಡ್ತಿತ್ತು?"

"ಕೂತಿತ್ತು."

"ಒಂದೇನಾ?"

"ಒಂದೇ."

"ನಗು ಕೇಳಿಸಿತು ಅಂದಿರಲ್ಲ. ಅದು ಒಂಟಿಯಾಗಿ ಹಾಗೆ ನಗೋದಿಲ್ಲ. ಗುಂಪಿನಲ್ಲಿ, ಒಂದು ಶುರು ಮಾಡಿದರೆ ಉಳಿದವು ಸೇರಿಕೊಳ್ಳುತ್ತವೆ. ನಿಮ್ಮ ಜೊತೆ ಯಾರಿದ್ದರು?"

"ಯಾರೂ ಇರಲಿಲ್ಲ."

ಒಂದೊಂದು ಉತ್ತರಕ್ಕೂ ಅವಳ ಅಂಗೈ ಬೆವರಿ, ಕುರ್ಚಿಯ ಕೈಗೆ ಅಂಟಿ, ಬಿಡಿಸಿಕೊಂಡಾಗ ಸಣ್ಣ ಸದ್ದು ಮಾಡುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಒರಟು ಮನುಷ್ಯನಲ್ಲ ಅವರು. ನೋವಾಗುವ ಹಲ್ಲಿನ ಸುತ್ತ ಮೆಲ್ಲಗೆ ತಟ್ಟಿ ನೋಡುವವರ ತಾಳ್ಮೆ. "ಹರಟೆಮಲ್ಲ ಇರಬಹುದಾ?" ಅಂದರು. "ಬಯಲಿನಲ್ಲೆಲ್ಲ ಇರುತ್ತೆ. ಅದರ ಗಲಾಟೆಯೂ ದೂರಕ್ಕೆ ನಗು ಇದ್ದ ಹಾಗೇ ಕೇಳಿಸುತ್ತೆ." ಮಾವ ಕುರ್ಚಿಯಲ್ಲಿ ನೆಟ್ಟಗಾದರು. "ಏನು ಡಾಕ್ಟ್ರೇ, ಹರಟೆಮಲ್ಲ ಗೊತ್ತಿಲ್ಲವಾ ನಮ್ಮ ಹುಡುಗಿಗೆ? ದಿನಾ ನಮ್ಮ ಕಾಂಪೌಂಡಿನಲ್ಲೇ ಏಳು ಬರುತ್ತವೆ. ಬಿಳಿ ಹುಬ್ಬು ಕಂಡಿದ್ದಾಳೆ. ಹನ್ನೊಂದು ವರ್ಷದಲ್ಲಿ ಇವಳು ಒಂದು ಹಕ್ಕಿ ತಪ್ಪು ಹೇಳಿದ್ದು ನನಗೆ ನೆನಪಿಲ್ಲ."

"ಹಾಗಾದರೆ ಒಂದು ಕೆಲಸ ಮಾಡೋಣ" ಅಂದರು ಡಾಕ್ಟರು. "ಬರೋ ಭಾನುವಾರ ಸಂಘದವರು ಎಂಟು ಜನ ವ್ಯಾನು ಮಾಡಿಕೊಂಡು ಹೋಗೋಣ. ನೀವೂ ಬನ್ನಿ. ಮರ ತೋರಿಸಿ. ನೀವು ಉಳಿದ ಗೆಸ್ಟ್ ಹೌಸಿನಲ್ಲೇ ಉಳಿಯೋಣ."

ಗೆಸ್ಟ್ ಹೌಸಿನ ರಿಜಿಸ್ಟರು. ಮೂರನೆಯ ದಿನ ಮಧ್ಯಾಹ್ನ ಕೋಣೆ ಖಾಲಿ ಮಾಡಿ ಮಾಡಿದ ರುಜು. ಎಂಟು ಜನ, ಮಾವ, ಕುತ್ತಿಗೆಗೆ ನೇತುಹಾಕಿಕೊಂಡ ದುರ್ಬೀನುಗಳು, ಮತ್ತು ಸಾಲಾಗಿ ನಿಂತ ನೂರಾರು ಗಾಳಿಮರಗಳ ಕೆಳಗೆ ಬೆರಳೆತ್ತಿ ನಿಂತ ತಾನು. "ಬೇಡ" ಅಂದಳು. "ಬೇಡ, ನೀವು ಹೇಳಿದ್ದೇ ಸರಿ. ಹರಟೆಮಲ್ಲನೇ ಇರಬೇಕು. ನಾನು ಸರಿಯಾಗಿ ನೋಡಲಿಲ್ಲ. ನಗು ಗಿಗು ಏನೂ ಕೇಳಿಸಲಿಲ್ಲ ನನಗೆ. ಸುಮ್ಮನೆ ಅಂದೆ."

ಬಚಾವಾದೆ ಎಂದು ಅವಳ ಎದೆ ಇಳಿಯಿತು. ಇಳಿದ ಎದೆ ಎಲ್ಲೂ ನಿಲ್ಲದೆ ಇನ್ನೂ ಇಳಿಯುತ್ತ ಹೋಯಿತು. ಇದೇ ಸ್ವರ. ತೀರಿಕೊಂಡ ಅಂದಾಗಲೂ ಇಷ್ಟೇ ಸಲೀಸಾಗಿ ಬಂದಿತ್ತು. ಮಾವ ಅವಳ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದವರ ಗಲಿಬಿಲಿ ಇತ್ತು. ಆಮೇಲೆ ಅವರು ನಿಧಾನವಾಗಿ ನೋಟುಪುಸ್ತಕ ತಮ್ಮ ಕಡೆ ಎಳೆದುಕೊಂಡರು. "ತಪ್ಪು ನಂದು ಡಾಕ್ಟ್ರೇ" ಅಂದರು. "ಅವಳು ಹೆಸರು ಹೇಳಲೇ ಇಲ್ಲ. ನಾನೇ ಅವಳ ಬಾಯಿಗೆ ತುರುಕಿದೆ. ಬಿಳಿ ಹುಬ್ಬು ಅಂತಲೂ ನಾನೇ ಹೇಳಿಸಿರಬೇಕು. ವಯಸ್ಸಾಯ್ತು. ದೊಡ್ಡದೇನಾದರೂ ಕಾಣಬೇಕು ಅನ್ನೋ ಚಪಲ."

"ಪರವಾಗಿಲ್ಲ ಬಿಡಿ, ಈ ವಯಸ್ಸಿನಲ್ಲಿ ಆಗುತ್ತೆ" ಅಂದರು ಡಾಕ್ಟರು, ರೋಗಿಗಳಿಗೆ ಹೇಳುವ ಧ್ವನಿಯಲ್ಲಿ. ಮಾವ ತಲೆ ಅಲ್ಲಾಡಿಸಿ, ಪುಟದ ಮೇಲೆ ಸ್ಕೇಲು ಇಟ್ಟು, ನಕ್ಷೆಯಲ್ಲಿ ಗೆರೆ ಎಳೆಯುವ ಹಾಗೆ ನೇರವಾಗಿ ಅಳಿಸುಗೆರೆ ಎಳೆಯಲು ಪೆನ್ನು ಊರಿದರು. ಪೆನ್ನಿನ ತುದಿ ಹಕ್ಕಿಯ ಹೆಸರಿನ ಮೊದಲ ಅಕ್ಷರವನ್ನು ಮುಟ್ಟಿತು.

"ಮಾವ, ಹೊಡೆದು ಹಾಕಬೇಡಿ." ತನ್ನ ದನಿ ಇಷ್ಟು ಸಣ್ಣದಾಗಿ ಬಂದದ್ದಕ್ಕೆ ಇನ್ನೊಮ್ಮೆ ಹೇಳಿದಳು. "ಹಕ್ಕಿ ಅದೇ. ಜಾಗ ಸುಳ್ಳು."

"ಅಂದರೆ?"

"ನಾನು ಸಮುದ್ರದ ಹತ್ತಿರ ನೋಡಲಿಲ್ಲ. ಬೆಟ್ಟದ ಮೇಲೆ ನೋಡಿದೆ. ಅಲ್ಲಿನ ಆಸ್ಪತ್ರೆಯ ಹಿಂದಿನ ಬೇಲಿಯಲ್ಲಿ. ಹುಚ್ಚಾಸ್ಪತ್ರೆ." ಆ ಶಬ್ದ ಬಾಯಿಂದ ಹೊರಬಿದ್ದಾಗ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡ ಕಾಣಿಸಿದ. ಅವನ ಕಡೆ ನೋಡಿಕೊಂಡೇ ಉಳಿದದ್ದನ್ನು ಹೇಳಿದಳು. "ನಮ್ಮಣ್ಣ ಅಲ್ಲಿದ್ದಾನೆ. ಹದಿನಾಲ್ಕು ವರ್ಷದಿಂದ. ನಾನು ಅವನನ್ನ ನೋಡೋಕೆ ಹೋಗಿದ್ದೆ. ಹೊರಗೆ ನಗ್ತಾರೆ ಅಂತ ಹೇಳಿದ್ದಕ್ಕೆ ಅವನಿಗೆ ಮಾತ್ರೆ ಜಾಸ್ತಿ ಮಾಡಿದ್ದಾರೆ. ನಗೋದು ಈ ಹಕ್ಕಿ. ನನಗೆ ಇದರ ಹೆಸರು ಬೇಕಿತ್ತು. ಅಷ್ಟೇ."

ತಟ್ಟೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಕೊನೆಗೆ ಡಾಕ್ಟರೇ, ಮುಜುಗರಕ್ಕೆ ಏನಾದರೂ ಕೇಳಲೇಬೇಕಾದವರಂತೆ, "ಆ ಆಸ್ಪತ್ರೆ ಎಷ್ಟು ಎತ್ತರದಲ್ಲಿದೆ?" ಅಂದರು.

"ಆರು ಸಾವಿರದ ಇನ್ನೂರು ಅಡಿ" ಅಂದರು ಮಾವ. ಆ ನಕ್ಷೆ ಅವರೇ ಬರೆದದ್ದು. ಅವಳ ಕಡೆ ನೋಡದೆ ಹೇಳಿದರು. ಹೇಳಿ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಡಾಕ್ಟರು ಟೀ ಕುಡಿಯಲಿಲ್ಲ. ಹೊರಗೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವರು ತಲೆ ಎತ್ತದೆಯೇ, "ಅಲ್ಲಿನ ಡಾಕ್ಟರ ವಿಳಾಸ ಬರೆದುಕೊಡಿ" ಅಂದರು. "ಸಂಘದ ಕಾಗದದಲ್ಲಿ ಬರೀತೀನಿ. ಈ ಹಕ್ಕಿ ಅಲ್ಲಿ ಹೇರಳ, ಅದರ ಕೂಗು ಯಾರಿಗೆ ಕೇಳಿದರೂ ನಗು ಇದ್ದ ಹಾಗೇ ಇರುತ್ತೆ ಅಂತ. ಮಾತ್ರೆ ವಿಷಯ ನಾನು ಹೇಳೋ ಹಾಗಿಲ್ಲ." ಅವಳು ಬರೆದುಕೊಟ್ಟಳು. ಅಕ್ಷರ ಸೊಟ್ಟಗಾಗಿ ಎರಡು ಸಲ ಬರೆಯಬೇಕಾಯಿತು.

ಗಂಡ ಅವತ್ತು ಕೂಗಾಡಲಿಲ್ಲ. ಕೂಗಾಡಿದ್ದರೆ ಸಹಿಸಿಕೊಳ್ಳಬಹುದಿತ್ತು. "ಹನ್ನೊಂದು ವರ್ಷ" ಎಂದಷ್ಟೇ ಅಂದು, ಆಮೇಲೆ "ಇದು ಮನೆತನದಲ್ಲಿ ಬರುತ್ತಾ?" ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಅಂದಿನಿಂದ ಅವಳು ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಒಬ್ಬಳೇ ಯಾವುದಕ್ಕೋ ಮುಗುಳ್ನಕ್ಕಾಗ, ಅವನ ಕಣ್ಣು ಅವಳ ಮೇಲಿರುತ್ತಿತ್ತು. ಲಿಫ್ಟಿನ ಹಗ್ಗದಲ್ಲಿ ಎಳೆ ಹರಿದಿದೆಯೇ ಎಂದು ಟಾರ್ಚು ಬಿಟ್ಟು ನೋಡುವ ಕಣ್ಣು ಅದು. ಅವಳು ನಗುವುದನ್ನು ಬಿಟ್ಟಳು. ಬಿಟ್ಟದ್ದನ್ನೂ ಅವನು ಗಮನಿಸಿದ. ಐದನೆಯ ದಿನ ಮಾವ ಅಡುಗೆಮನೆಗೆ ಬಂದು, ತಮ್ಮ ಲೋಟ ತಾವೇ ತೊಳೆದಿಟ್ಟು, "ಅವತ್ತು ನೀನು ಹೇಳಿದ್ದನ್ನ ನಾನು ಹೇಗೆ ನಂಬಿದೆ ಗೊತ್ತಾ?" ಅಂದರು. "ಕಾಜಾಣ ಸರಿ ಹೇಳಿದಳು, ಮಿಕ್ಕಿದ್ದೂ ಸರಿ ಇರುತ್ತೆ ಅಂದುಕೊಂಡೆ." ಅವಳು ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಳು. "ಶನಿವಾರ ಬೆಳಿಗ್ಗೆ ಬಸ್ಸಿದೆಯಂತೆ. ನಾನೂ ಬರ್ತೀನಿ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಅದು ಬೇರೆ ವಿಷಯ."

ಗಂಡ ಬರಲಿಲ್ಲ. ಬಸ್ ನಿಲ್ದಾಣದವರೆಗೆ ಬಿಟ್ಟು, ಅಪ್ಪನ ಕೈಗೆ ವಾಂತಿಯ ಮಾತ್ರೆ ಕೊಟ್ಟು, ಅವಳಿಗೆ ಏನೋ ಹೇಳಲು ಬಾಯಿ ತೆರೆದು, "ಸ್ವೆಟರು ಇಟ್ಟುಕೊಂಡೆಯಾ?" ಅಂದ. ಬಸ್ಸು ತಿರುವುಗಳನ್ನು ಏರತೊಡಗಿದಾಗ ಅವಳಿಗೆ ಹೊಸ ಹೆದರಿಕೆ ಹುಟ್ಟಿತು. ಅಣ್ಣ ಬಾಯಿ ಬಿಟ್ಟರೆ? ಮೆಟ್ಟಿಲು, ಬಾಗಿಲ ಹಿಂದಿನ ಗಂಡಸರು, ಇಲ್ಲದ ಹಕ್ಕಿ. ಅದನ್ನು ಅವನು ಈ ಮುದುಕರ ಎದುರು ಹೇಳಿಬಿಟ್ಟರೆ? ಅವನಿಗಿಂತ ಮೊದಲು ತಾನೇ ಹೇಳಬೇಕೆಂದು ಹೇಳಿದಳು, ಕಿಟಕಿಯ ಕಡೆ ಮುಖ ಮಾಡಿಕೊಂಡು, ಇಂಜಿನ್ನಿನ ಸದ್ದಿಗಿಂತ ಒಂದಿಷ್ಟೇ ಮೇಲೆ. ಮಾವ ಕೇಳಿಸಿಕೊಂಡರೋ ಇಲ್ಲವೋ. "ಹತ್ತು ನಿಮಿಷ ಕಣ್ಣು ಮುಚ್ಚಿಕೊಳ್ತೀನಿ" ಅಂದರು. ಮುಚ್ಚಿದ ರೆಪ್ಪೆಗಳ ಕೆಳಗೆ ಗುಡ್ಡೆಗಳು ಅಲ್ಲಾಡುತ್ತಿದ್ದದ್ದು ಅವಳಿಗೆ ಕಂಡಿತು.

ಅಣ್ಣ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಆಸ್ಪತ್ರೆಯ ಡಾಕ್ಟರಿಗೆ ಸಂಘದ ಕಾಗದ ತಲುಪಿತ್ತು. ಮಾತ್ರೆ ಕಡಿಮೆ ಮಾಡುವುದನ್ನು ಯೋಚಿಸುತ್ತೇವೆ ಎಂದು ಗೇಟಿನಲ್ಲೇ ಹೇಳಿದ್ದರು. ಯೋಚಿಸುತ್ತೇವೆ ಎಂದರೇನು ಎಂದು ಕೇಳುವ ಧೈರ್ಯ ಬಂದಿರಲಿಲ್ಲ. ಅಣ್ಣ ಅವಳನ್ನು ನೋಡಿ, ಅವಳ ಹಿಂದೆ ಸುಧಾರಿಸಿಕೊಳ್ಳುತ್ತ ಬರುತ್ತಿದ್ದ ಮಾವನನ್ನು ನೋಡಿ, ಎದ್ದು ನಿಂತ.

"ಇವರ್ಯಾರು?"

"ನಾನು ಇವಳ ಮಾವ" ಅಂದರು ಅವರೇ.

ಅಣ್ಣ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾನು ಸತ್ತಿದ್ದೀನಿ ಅಂತ ನಿಮಗೆ ಹೇಳಿರಬೇಕಲ್ಲ? ಅಮ್ಮ ನನಗೆ ಮೊದಲೇ ಹೇಳಿದ್ದಳು. ಕಾಗದ ಗೀಗದ ಬರೀಬೇಡ, ನೀನಿಲ್ಲ ಅಂತ ಹೇಳಿಬಿಟ್ಟಿದ್ದೀವಿ ಅಂತ."

ಮಾವ "ಹೇಳಿದ್ದರು" ಅಂದರು.

"ಯಾವುದರಿಂದ?"

"ಜ್ವರ ಬಂದು."

ಅಣ್ಣ ಅದನ್ನು ನಾಲಿಗೆಯ ಮೇಲಿಟ್ಟುಕೊಂಡವನ ಹಾಗೆ ಯೋಚಿಸಿದ. "ಜ್ವರ ಆದರೆ ಪರವಾಗಿಲ್ಲ" ಅಂದ. "ಜಾಸ್ತಿ ದಿನ ನರಳಿಸೋದಿಲ್ಲ." ಆಮೇಲೆ ಬೆಂಚಿನ ತುದಿಗೆ ಸರಿದು ಕೂತು, ಕೈಯಿಂದ ಮರದ ಮೇಲಿನ ನೀರು ಒರೆಸಿ ಜಾಗ ಮಾಡಿದ. "ಕೂತ್ಕೊಳ್ಳಿ. ಊಟದ ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಆಮೇಲೆ ಒಳಗೆ ಹೋಗಲೇಬೇಕು, ತಲೆ ಎಣಿಸ್ತಾರೆ."

ಅದು ಇಬ್ಬರ ಬೆಂಚು. ಮಾವ ಕೂತರು. ಅವಳು ನಿಂತೇ ಇದ್ದಳು, ಯಾರಾದರೂ ಕರೆಯಲಿ ಎಂದಲ್ಲ, ಕಾಲು ಬರಲಿಲ್ಲ. ಅಣ್ಣ ಕತ್ತೆತ್ತಿ, ಮೋಡ ನೋಡುವವನ ಹಾಗೆ ಅವಳನ್ನು ನೋಡಿ, ಇನ್ನಷ್ಟು ಒತ್ತಿ ಕೂತ. ಮಾವನೂ ಒತ್ತಿದರು. ನಡುವೆ ಒಂದು ಗೇಣು ಜಾಗ ಬಿಟ್ಟಿತು. ಅವಳು ಅದರಲ್ಲಿ ಹೇಗೋ ತೂರಿ ಕೂತಳು. ಒಂದು ಪಕ್ಕೆಗೆ ಅಣ್ಣನ ನಡುಗುವ ಮೊಣಕೈ ಚುಚ್ಚುತ್ತಿತ್ತು, ಇನ್ನೊಂದು ಪಕ್ಕೆಗೆ ಮಾವನದು ಅಲುಗಾಡದೆ ಒತ್ತಿಕೊಂಡಿತ್ತು. ಗಂಟೆ ಹೊಡೆಯುವುದನ್ನೇ ಮೂವರೂ ಕಾದರು.